ಗಣಪತಿ ಗುಡಿಯನ್ನು ಇಲಿ ದೇವರ ಗುಡಿ ಎಂದ ಹಾಗೆ

ಓದುಗರ ಪತ್ರ: ‘ಮಗನ ಕೆಲಸ ಜಪಾನಿನ ನಗೋಯಾದಲ್ಲಿ. ಏಪ್ರಿಲ್‌ನಲ್ಲಿ ನಾವು ಹೋಗಿದ್ದಾಗ ಕ್ಯೋಟೋದ ಫುಶಿಮಿ ಇನಾರಿಗೆ ಕರೆದೊಯ್ದ. ಕೆಂಪು ಕಮಾನುಗಳ ಕೆಳಗೆ ಎರಡು ತಾಸು ಗುಡ್ಡ ಹತ್ತಿ ಇಳಿದರೂ ದೇವರ ಮೂರ್ತಿ ಎಲ್ಲೂ ಕಾಣಲಿಲ್ಲ. ಅದೇ ಗುಡಿಯ ಚಿತ್ರ ಹಾಕಿ ಕಳೆದ ಸಂಚಿಕೆಯಲ್ಲಿ ನೀವು “ನರಿ ದೇವರ ಸನ್ನಿಧಿ” ಎಂದು ಬರೆದಿದ್ದೀರಿ. ಹೊರಗೆ ಕೂತಿದ್ದ ಕಲ್ಲಿನ ನರಿಯೇ ದೇವರೇ? ಬಾಗಿಲ ಬಳಿಯ ನೀರನ್ನು ತೀರ್ಥವೆಂದು ನಾನು ಕುಡಿದದ್ದಕ್ಕೆ ಮಗ ಗಾಬರಿಯಾದ. ಭವಿಷ್ಯದ ಚೀಟಿ ಎತ್ತಿದರೆ “ಕ್ಯೋ”, ಅಂದರೆ ಕೆಡುಕು ಎಂದು ಬಂತು. ಚೀಟಿ ಇನ್ನೂ ಪರ್ಸಿನಲ್ಲೇ ಇದೆ. ಏನು ಮಾಡಲಿ?’ — ಧಾರವಾಡದ ಓದುಗರೊಬ್ಬರು

ಸಂಪಾದಕರ ಉತ್ತರ: ಮೊದಲು ತಪ್ಪೊಪ್ಪಿಗೆ. ಚಿತ್ರದ ಅಡಿಬರಹ ತಪ್ಪು. ಗಣಪತಿ ಗುಡಿಯನ್ನು ಇಲಿ ದೇವರ ಗುಡಿ ಎಂದ ಹಾಗಾಯಿತು ಅದು. ಇನಾರಿ ಎಂದರೆ ಭತ್ತದ ದೇವತೆ, ಈಗ ವ್ಯಾಪಾರದ ದೇವತೆಯೂ ಹೌದು. ಫುಶಿಮಿಯಲ್ಲಿ ಪೂಜೆಗೊಳ್ಳುವ ಐವರಲ್ಲಿ ಉಕಾನೊಮಿತಾಮಾ ಪ್ರಧಾನ ದೇವತೆ. ನರಿ ಅವಳ ದೂತ ಮಾತ್ರ. ಅದೇ ಆವರಣದ ಬ್ಯಾಕ್ಕೊಶಾ ಎಂಬ ಪುಟ್ಟ ಗುಡಿ ಈ ಬಿಳಿ ನರಿಗಳಿಗೇ ಮೀಸಲು ಎಂಬುದೂ ನಿಜ. ಆದರೆ ಅದು ಪರಿವಾರ ದೇವತೆಯ ಲೆಕ್ಕ.

ಕಲ್ಲಿನ ನರಿಗಳ ಬಾಯಲ್ಲಿ ಏನಿದೆ ಎಂದು ನೋಡಿದಿರೋ ಇಲ್ಲವೋ. ಒಂದರ ಬಾಯಲ್ಲಿ ಭತ್ತದ ತೆನೆ, ಒಂದರಲ್ಲಿ ಕಣಜದ ಬೀಗದಕೈ, ಇನ್ನೊಂದರಲ್ಲಿ ಮಣಿ ಅಥವಾ ಓಲೆಯ ಸುರುಳಿ ಇರುತ್ತದೆ. ಗದ್ದೆಯ ಇಲಿ ಹಿಡಿಯುವ ಪ್ರಾಣಿಯಾದ್ದರಿಂದ ಅನ್ನದ ದೇವತೆಗೆ ನಂಟಾಯಿತು ಎಂದು ಅಲ್ಲಿನ ಜನ ಹೇಳುತ್ತಾರೆ. ನರಿಗೆ ಎಣ್ಣೆಯಲ್ಲಿ ಕರಿದ ತೋಫು ಇಷ್ಟವೆಂಬ ನಂಬಿಕೆಯಿಂದ ಅದನ್ನೇ ಎಡೆ ಇಡುತ್ತಾರೆ. ಆ ತೋಫುವಿನ ಚೀಲದೊಳಗೆ ಹುಳಿ ಅನ್ನ ತುಂಬಿದರೆ ಇನಾರಿ ಸುಶಿ. ಸಸ್ಯಾಹಾರಿಗಳಿಗೊಂದು ಎಚ್ಚರಿಕೆ: ಆ ತೋಫುವನ್ನು ಸಾಮಾನ್ಯವಾಗಿ ಮೀನಿನ ಸಾರಿನಲ್ಲೇ ಬೇಯಿಸಿರುತ್ತಾರೆ. ಬಿಸಿಲು ಮಳೆ ಒಟ್ಟಿಗೆ ಬಂದರೆ ನರಿಯ ಮದುವೆ ಎನ್ನುವ ಮಾತು ಅವರಲ್ಲೂ ಇದೆ.

ಮೂರ್ತಿ ಕಾಣಲಿಲ್ಲ ಎಂದಿರಿ. ಕಾಣುವುದಿಲ್ಲ. ಜಪಾನಿನ ಮೂಲಧರ್ಮವಾದ ಶಿಂಟೋದ ಗುಡಿಯಲ್ಲಿ, ಅಂದರೆ ಜಿಂಜಾದಲ್ಲಿ, ದರ್ಶನ ಎಂಬುದೇ ಇಲ್ಲ. ಜನ ನಿಲ್ಲುವುದು ಮುಂದಿನ ಹೈದೆನ್ ಎಂಬ ಮಂಟಪದ ಎದುರು. ಹಿಂದಿನ ಹೊಂದೆನ್ ನಮ್ಮ ಗರ್ಭಗುಡಿ ಇದ್ದಂತೆ. ಅದರೊಳಗೆ ಕನ್ನಡಿಯೋ ಖಡ್ಗವೋ ಮಣಿಯೋ ಇದ್ದು, ಕಮಿ, ಅಂದರೆ ದೇವಶಕ್ತಿ, ಅದರಲ್ಲಿ ನೆಲೆಸಿದೆ ಎಂದು ನಂಬಿಕೆ. ಎಷ್ಟೋ ಕಡೆ ಅರ್ಚಕರೂ ಅದನ್ನು ಬಿಚ್ಚಿ ನೋಡುವಂತಿಲ್ಲ. ನಾರಾ ಪ್ರಾಂತದ ಓಮಿವಾದಲ್ಲಂತೂ ಹೊಂದೆನ್ನೇ ಇಲ್ಲ, ಹಿಂದಿರುವ ಮಿವಾ ಬೆಟ್ಟವೇ ದೇವರ ನೆಲೆ. ಕಣ್ತುಂಬ ನೋಡುವುದೇ ಪೂಜೆ ಎಂದು ಬೆಳೆದ ನಮಗೆ ಇದು ಕಸಿವಿಸಿ. ಅಲ್ಲಿ ಕೆಲಸವೆಲ್ಲ ಕೈಗಳದು.

ಕೈಗಳು ಮಾಡಬೇಕಾದದ್ದು ಶುರುವಾಗುವುದೇ ನೀವು ಕುಡಿದ ಆ ನೀರಿನಿಂದ. ಅದು ತೀರ್ಥವಲ್ಲ, ಕೈಕಾಲು ತೊಳೆಯುವ ನೀರಿದ್ದಂತೆ. ಉದ್ದ ಹಿಡಿಯ ಸೌಟನ್ನು ಬಲಗೈಯಲ್ಲಿ ಹಿಡಿದು ಒಂದೇ ಸಲ ತುಂಬಿಕೊಳ್ಳಬೇಕು, ಎಲ್ಲವೂ ಆ ಒಂದು ಸೌಟಿನಲ್ಲೇ ಮುಗಿಯಬೇಕು. ಮೊದಲು ಎಡಗೈಗೆ ನೀರು. ಸೌಟು ಕೈ ಬದಲಿಸಿ ಬಲಗೈಗೆ. ಮತ್ತೆ ಬಲಗೈಗೆ ತೆಗೆದುಕೊಂಡು ಎಡ ಬೊಗಸೆಗೆ ಸ್ವಲ್ಪ ಸುರಿದು ಬಾಯಿ ಮುಕ್ಕಳಿಸಿ, ಬಾಯಿಗೆ ಕೈ ಅಡ್ಡ ಹಿಡಿದು ತೊಟ್ಟಿಯ ಹೊರಗಿನ ಕಾಲುವೆಗೆ ಉಗುಳಬೇಕು. ಎಡಗೈ ಮತ್ತೊಮ್ಮೆ ತೊಳೆದು, ಕೊನೆಗೆ ಸೌಟನ್ನು ನೆಟ್ಟಗೆ ನಿಲ್ಲಿಸಿದರೆ ಉಳಿದ ನೀರು ಹಿಡಿಯ ಮೇಲೆ ಇಳಿದು ಮುಂದಿನವರಿಗಾಗಿ ಅದನ್ನೂ ತೊಳೆಯುತ್ತದೆ. ಮೊದಲೆರಡು ಹೆಜ್ಜೆಯಲ್ಲೇ ನೀರು ಖಾಲಿ ಮಾಡಿಕೊಂಡು ಮತ್ತೆ ಸೌಟು ಅದ್ದುವುದು ಹೊಸಬರೆಲ್ಲರ ತಪ್ಪು. ಸೌಟಿಗೇ ಬಾಯಿ ಹಚ್ಚುವುದು, ಬಾಯಿಯ ನೀರನ್ನು ತೊಟ್ಟಿಗೇ ಉಗುಳುವುದು ಇನ್ನೂ ದೊಡ್ಡ ತಪ್ಪು. ಕೋವಿಡ್ ಬಂದ ಮೇಲೆ ಹಲವು ಕಡೆ ಸೌಟು ತೆಗೆದು ಬಿದಿರಿನ ಕೊಳವೆಯಿಂದ ನೀರು ಹರಿಯಬಿಟ್ಟಿದ್ದಾರೆ. ಅಲ್ಲಿ ಕೈ ತೊಳೆದರೆ ಸಾಕು.

ಕಮಾನಿಗೆ ತೊರಿಯಿ ಎನ್ನುತ್ತಾರೆ. ಒಳಹೊಗುವ ಮುನ್ನ ಒಮ್ಮೆ ತಲೆಬಾಗಿ, ದಾರಿಯ ಅಂಚಿನಲ್ಲಿ ನಡೆಯಿರಿ. ನಡುದಾರಿ ದೇವರದು. ಚಪ್ಪಲಿ ಬಿಡಬೇಕಿಲ್ಲ, ಗುಡಿಯ ನೆಲದ ಮೇಲೆ ಹತ್ತಿದರೆ ಮಾತ್ರ ಬಿಡಬೇಕು. ಪ್ರದಕ್ಷಿಣೆ ವಾಡಿಕೆಯಲ್ಲಿ ಇಲ್ಲ. ಹುಂಡಿಗೆ ನಾಣ್ಯ ಎಸೆಯದೆ ಮೆಲ್ಲಗೆ ಬಿಡಿ. ತೂತಿರುವ 5 ಯೆನ್ ನಾಣ್ಯ ಎಲ್ಲರ ಮೆಚ್ಚಿನದು: ‘ಗೊಎನ್’ ಎಂದರೆ ಐದು ಯೆನ್ನೂ ಹೌದು, ಋಣಾನುಬಂಧವೂ ಹೌದು. ಆದರೆ 2022ರ ಜನವರಿಯಿಂದ ಜಪಾನಿನ ಅಂಚೆ ಬ್ಯಾಂಕು ಒಂದು ಮಿತಿಗಿಂತ ಹೆಚ್ಚು ನಾಣ್ಯ ಜಮಾ ಮಾಡಿದರೆ ಶುಲ್ಕ ಹಾಕತೊಡಗಿತು. ಚಿಲ್ಲರೆಯೇ ಹೆಚ್ಚಾಗಿ ಬೀಳುವ ಸಣ್ಣ ಗುಡಿಗಳಿಗೆ ಪುಣ್ಯದ ನಾಣ್ಯ ಎಣಿಸುವುದೂ ದುಬಾರಿಯಾಗಿದೆ. ಗಂಟೆಯಿದ್ದರೆ ಬಾರಿಸಿ. ಸೊಂಟದಿಂದ ಎರಡು ಸಲ ಬಾಗಿ, ಬಲಗೈ ಬೆರಳನ್ನು ಕೊಂಚ ಕೆಳಗೆ ಸರಿಸಿ ಎರಡು ಚಪ್ಪಾಳೆ ತಟ್ಟಿ, ಅಂಗೈ ಕೂಡಿಸಿ ಬೇಡಿಕೊಂಡು, ಕೊನೆಗೆ ಇನ್ನೊಮ್ಮೆ ಬಾಗುವುದು ಕ್ರಮ. ಇಜುಮೋದ ಮಹಾಗುಡಿಯಲ್ಲಿ ನಾಲ್ಕು ಚಪ್ಪಾಳೆ.

ಆ ಕೆಂಪು ಕಮಾನುಗಳು ಹರಕೆಯವು. ‘ತೋರು’ ಎಂದರೆ ಹಾದುಹೋಗು. ಕೋರಿಕೆ ಹಾದುಹೋಗಲಿ, ಅಂದರೆ ಈಡೇರಲಿ ಎಂದೋ, ಈಡೇರಿದ್ದಕ್ಕೆ ಕೃತಜ್ಞತೆಯಾಗಿಯೋ ನೆಡಿಸುತ್ತಾರೆ. ಹತ್ತುವಾಗ ಬರೀ ಬಣ್ಣ ಕಾಣುತ್ತದೆ. ಇಳಿಯುವಾಗ ಕಂಬದ ಮೇಲೆ ಕೊಟ್ಟವರ ಹೆಸರು, ತಾರೀಕು ಕಾಣುತ್ತವೆ, ಹೆಚ್ಚಿನವು ಅಂಗಡಿ ಕಂಪನಿಗಳವು. ಮರದ ಬುಡ ನೆಲದ ತೇವಕ್ಕೆ ಕೊಳೆಯುವುದರಿಂದ ಹಳೆಯದು ಕಿತ್ತು ಹೊಸದು ನೆಡುವ ಕೆಲಸ ಅಲ್ಲಿ ಮುಗಿಯುವುದೇ ಇಲ್ಲ.

ಮೈಲಿಗೆಯ ವಿಷಯದಲ್ಲಿ ನಮಗೂ ಅವರಿಗೂ ವಿವರಣೆ ಬೇಕಿಲ್ಲ. ಮನೆಯಲ್ಲಿ ಸಾವಾದರೆ ಸಾಮಾನ್ಯವಾಗಿ 50 ದಿನ ಜಿಂಜಾಕ್ಕೆ ಹೋಗುವುದಿಲ್ಲ. ಕೂಸಿಗೆ ತಿಂಗಳಾದಾಗ ಕರೆತರುತ್ತಾರೆ, ಹೊಸ ಕಾರಿಗೂ ಪೂಜೆ ಮಾಡಿಸುತ್ತಾರೆ. ಅಂತ್ಯಕ್ರಿಯೆ ಮಾತ್ರ ಬಹುಪಾಲು ಬೌದ್ಧ ಮಂದಿರದ್ದು.

ಇನಾರಿಯ ಮೂರ್ತರೂಪ ನೋಡಲೇಬೇಕೆಂದರೆ, ಮುಂದಿನ ಸಲ ಮಗನ ಊರಿನಿಂದ ರೈಲಿನಲ್ಲಿ ಸುಮಾರು ಒಂದು ತಾಸಿನ ದೂರದ ತೊಯೊಕಾವಾ ಇನಾರಿಗೆ ಹೋಗಿ. ಬಾಗಿಲಲ್ಲಿ ತೊರಿಯಿ ಇದ್ದರೂ ಅದು ಝೆನ್ ಬೌದ್ಧ ಮಂದಿರ. ಅಲ್ಲಿನ ಚಿತ್ರಗಳಲ್ಲಿ ಭತ್ತದ ಹೊರೆ ಹೊತ್ತು ಬಿಳಿ ನರಿಯ ಮೇಲೆ ನಿಂತವಳು ದಾಕಿನಿತೆನ್, ನಮ್ಮ ಡಾಕಿನಿಯೇ. ಅವಳ ಮಂತ್ರ ‘ಸೊವಾಕಾ’ ಎಂದು ಮುಗಿಯುತ್ತದೆ, ಅದು ಸ್ವಾಹಾ. ಹಿಂಬದಿಯಲ್ಲಿ ಸಾವಿರದಷ್ಟು ಕಲ್ಲಿನ ನರಿಗಳಿವೆ. ಬೌದ್ಧ ಮಂದಿರವಾದ್ದರಿಂದ ಅಲ್ಲಿ ಚಪ್ಪಾಳೆ ತಟ್ಟಬಾರದು, ನಮ್ಮಂತೆ ಸುಮ್ಮನೆ ಕೈ ಮುಗಿದರಾಯಿತು.

ಇನ್ನು ಚೀಟಿ. ‘ಕ್ಯೋ’ ಬಂದರೆ ಗುಡಿಯಲ್ಲೇ ಕಟ್ಟಿರುವ ತಂತಿಗೆ ಗಂಟು ಹಾಕಿ ಬರುವುದು ಹೆಚ್ಚಿನವರ ರೂಢಿ, ಮನೆಗೆ ತಂದರೂ ದೋಷವಿಲ್ಲ. ತಲೆಬರಹಕ್ಕಿಂತ ಕೆಳಗಿನ ಸಾಲುಗಳು ಮುಖ್ಯ: ಪ್ರಯಾಣ, ಕಾಯಿಲೆ, ಕಳೆದ ವಸ್ತು, ಬರಬೇಕಾದವರು ಎಂದು ಒಂದೊಂದಕ್ಕೂ ಒಂದು ಸಲಹೆ ಇರುತ್ತದೆ. ಫೋನಿನಲ್ಲಿ ಫೋಟೊ ತೆಗೆದು ಮಗನಿಗೆ ಕಳಿಸಿ ಓದಿಸಿಕೊಳ್ಳಿ. ಆಮೇಲೂ ಮನಸ್ಸಿಗೆ ಕಿರಿಕಿರಿಯೆನಿಸಿದರೆ ಅವನು ರಜೆಗೆ ಬಂದಾಗ ಕೈಗಿಡಿ, ವಾಪಸು ಒಯ್ದು ಹಳೆಯ ರಕ್ಷೆ ಚೀಟಿಗಳನ್ನು ತೆಗೆದುಕೊಳ್ಳುವ ಜಿಂಜಾದಲ್ಲಿ ಕೇಳಿ ಒಪ್ಪಿಸುತ್ತಾನೆ. ಜನವರಿ ಮಧ್ಯದ ಹೊತ್ತಿಗೆ ಅಲ್ಲಿ ಅಂಥವನ್ನೆಲ್ಲ ಒಟ್ಟಿಗೆ ಸುಡುತ್ತಾರೆ.