ಅಧ್ಯಕ್ಷಗಿರಿ ಬಿಟ್ಟು ಹಡಗು ಹತ್ತಿದ ಪೋರ್ಚುಗಲ್ ಅಧ್ಯಕ್ಷ ಯಾರು?

ಅವರು ಮನುಯೆಲ್ ತೈಶೇರಾ ಗೋಮಿಶ್. 1860ರಲ್ಲಿ ದಕ್ಷಿಣದ ಪೋರ್ತಿಮಾವ್ ಊರಲ್ಲಿ ಹುಟ್ಟಿದವರು. ಕೊಯಿಂಬ್ರಾದಲ್ಲಿ ವೈದ್ಯಕೀಯ ಓದಲು ಹೋಗಿ ಅರ್ಧಕ್ಕೇ ಕೈಬಿಟ್ಟರು. ಆಮೇಲೆ ಅಪ್ಪನ ಒಣ ಅಂಜೂರದ ವ್ಯಾಪಾರಕ್ಕೆ ಇಳಿದು, ಅದೇ ನೆಪದಲ್ಲಿ ಯುರೋಪೆಲ್ಲಾ ಸುತ್ತಿದರು. ಜೊತೆಗೆ ಕಥೆಗಳನ್ನೂ ಬರೆದರು.

1910ರಲ್ಲಿ ರಾಜನನ್ನು ಇಳಿಸಿ ಗಣರಾಜ್ಯ ಬಂತು. ಮರುವರ್ಷ ಇವರನ್ನು ಲಂಡನ್ನಿಗೆ ರಾಯಭಾರಿಯಾಗಿ ಕಳಿಸಿದರು. ತಮಾಷೆ ನೋಡಿ, ಪಟ್ಟ ಕಳೆದುಕೊಂಡ ರಾಜ ಎರಡನೇ ಮನುಯೆಲ್ ಕೂಡ ಆಗ ಇಂಗ್ಲೆಂಡಿನಲ್ಲೇ ಇದ್ದ! ಇರಿಸುಮುರಿಸಿನ ಕೆಲಸವೇ, ಅಲ್ವಾ?

1923ರ ಅಕ್ಟೋಬರಿನಲ್ಲಿ ಅಧ್ಯಕ್ಷರಾದರು. ಸರ್ಕಾರಗಳು ಒಂದರ ಹಿಂದೊಂದು ಉರುಳುತ್ತಿದ್ದ ಕಾಲ ಅದು. 1925ರ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟು, ಕೆಲವೇ ದಿನಗಳಲ್ಲಿ 'ಝೀಯಸ್' (Zeus) ಎಂಬ ಡಚ್ ಸರಕು ಹಡಗು ಹತ್ತಿ ಹೊರಟೇಬಿಟ್ಟರು. ಆರೋಗ್ಯ ಸರಿಯಿಲ್ಲ ಅಂತ ಕಾರಣ ಹೇಳಿದ್ದರು. ನನಗನ್ನಿಸುವುದು, ರಾಜಕೀಯವೇ ಸಾಕಾಗಿತ್ತು. 1926ರ ಮೇ 28ಕ್ಕೆ ಸೇನೆ ದಂಗೆಯೆದ್ದು ಆ ಗಣರಾಜ್ಯವೇ ಮುಗಿಯಿತು.

ಕೊನೆಯ ಹತ್ತು ವರ್ಷ ಅಲ್ಜೀರಿಯಾದ ಬುಜಿ ಪಟ್ಟಣದ ಒಂದು ಹೋಟೆಲಿನ 13ನೇ ನಂಬರ್ ರೂಮಿನಲ್ಲಿ ಕಳೆದರು. 1941ರಲ್ಲಿ ಅಲ್ಲೇ ತೀರಿಕೊಂಡರು. ಜೀವಂತವಾಗಿ ಪೋರ್ಚುಗಲ್ಲಿಗೆ ಮತ್ತೆ ಕಾಲಿಡಲೇ ಇಲ್ಲ. 1950ರಲ್ಲಿ ಅವರ ಅವಶೇಷವನ್ನು ಪೋರ್ತಿಮಾವ್‌ಗೆ ತಂದರು.