ಪ್ರತಿಕ್ರಿಯೆ: ಕರೆಂಟ್ ಹೋಗಿ ಬಂದ ಮ್ಯಾಲ ಎರಡ ಸರ್ವರ್‌ನಾಗ ಒಂದ ಎದ್ದೈತಿ, ಲೆಕ್ಕದ ಟ್ಯಾಲಿ ಓಡೋ ವಿಎಂ (ಸರ್ವರ್ ಒಳಗಿನ ವರ್ಚುವಲ್ ಕಂಪ್ಯೂಟರ್) ಸ್ಟಾರ್ಟ್ ಆಗವಲ್ತು

ಡಿಸ್ಕ್ ಹೋಗಿರಂಗಿಲ್ರಿ, ಕೋರಂ (ಸರ್ವರ್‌ಗಳ ವೋಟಿನ ಬಹುಮತ) ತಪ್ಪೈತಿ. ಪ್ರಾಕ್ಸ್‌ಮಾಕ್ಸ್ ಅಂದ್ರ ವಿಎಂ ನಡಸೋ ಸಾಫ್ಟ್‌ವೇರ್, ಅದರ ಎರಡ ನೋಡ್‌ನ (ಸರ್ವರ್‌ನ) ಕ್ಲಸ್ಟರ್‌ನಾಗ, ಅಂದ್ರ ಜೋಡಿನಾಗ, ಒಂದು ಮಲಗಿದ್ರ ಉಳಿದದ್ದಕ್ಕ 2ರಾಗ 1 ವೋಟ್ ಅಷ್ಟ, ಬಹುಮತ ಇಲ್ಲ, ಅದಕ್ಕ ಕಾನ್ಫಿಗ್ ಫೋಲ್ಡರ್ ರೀಡ್ ಓನ್ಲಿ ಆಗಿ ಕುಂತು ಸ್ಟಾರ್ಟ್ ಒತ್ತಿದಾಗೆಲ್ಲ 'ನೋ ಕೋರಂ' ಅಂತೈತಿ.

ಮೊದ್ಲ ಇನ್ನೊಂದು ಸರ್ವರ್ ಖರೇನ ಆಫ್ ಐತೇನು ಎದ್ದು ಹೋಗಿ ನೋಡ್ರಿ, ಪಿಂಗ್ (ನೆಟ್‌ವರ್ಕ್ ಮ್ಯಾಲಿನ ಉತ್ತರ) ಬರವಲ್ತು ಅಂತ ನಂಬಬ್ಯಾಡ್ರಿ, ಪವರ್ ಕೇಬಲ್ಲ ಕಿತ್ತಿಡ್ರಿ. ಬರೇ ನೆಟ್‌ವರ್ಕ್ ಕಡದು ಅದು ಒಳಗ ಓಡ್ತಿದ್ರ, ಶೇರ್ಡ್ ಸ್ಟೋರೇಜ್ (ಎರಡೂ ಸರ್ವರ್ ಬಳಸೋ ಡಿಸ್ಕ್) ಮ್ಯಾಲಿನ ಒಂದ ವಿಎಂ ಎರಡೂ ಕಡೆ ಎದ್ದು ಡೇಟಾ ಎಲ್ಲಾ ಕಲಸಿ ಹೋಕ್ಕತಿ. ಆಮ್ಯಾಲ ಎದ್ದಿರೋ ಸರ್ವರ್ ಶೆಲ್‌ನಾಗ ಒಂದ ವೋಟ್ ಸಾಕು ಅನ್ನೋ ಕಮಾಂಡ್ 'ಪಿವಿಇಸಿಎಂ ಎಕ್ಸ್‌ಪೆಕ್ಟೆಡ್ 1' ಹೊಡದು ವಿಎಂ ಸ್ಟಾರ್ಟ್ ಮಾಡ್ರಿ. ಟ್ಯಾಲಿ ಡಿಸ್ಕ್ ಮಲಗಿರೋ ಸರ್ವರ್‌ನಾಗ ಲೋಕಲ್ ಇದ್ರ ಮಾತ್ರ ಬ್ಯಾಕಪ್‌ನಿಂದ ರಿಸ್ಟೋರ್ ಮಾಡೋದ ದಾರಿ. ಮಲಗಿದ ಸರ್ವರ್ ಯಾಕ ಏಳವಲ್ತು ಅನ್ನೋದು ನೀವು ಬರ್ದಿದ್ರಾಗ ತಿಳಿಯಂಗಿಲ್ಲ, ಎಸ್‌ಎಂಪಿಎಸ್ (ಪವರ್ ಸಪ್ಲೈ) ಸುಟ್ಟಿರಬಹುದು, ಇಲ್ಲಾ ಕರೆಂಟ್ ಬಂದಾಗ ತಾನ ಆನ್ ಆಗೋ ಬಯೋಸ್ ಸೆಟ್ಟಿಂಗ್ ಆಫ್ ಇರಬಹುದು.

ಎರಡೂ ಎದ್ದ ಮ್ಯಾಲ, ಮುಂದ ಹಿಂಗ ಆಗದಂಗ, ಒಂದು ರಾಸ್ಪ್‌ಬೆರಿ ಪೈ (ಸಣ್ಣ ಕಂಪ್ಯೂಟರ್) ಇಲ್ಲಾ ಹಳೇ ಪಿಸಿಗೆ ಡೆಬಿಯನ್ ಲಿನಕ್ಸ್ ಹಾಕಿ, ಅದರಾಗ ವೋಟ್ ಕೊಡೋ ಕೋರೋಸಿಂಕ್ ಕ್ಯೂನೆಟ್‌ಡಿ, ಎರಡೂ ನೋಡ್‌ನಾಗ ಆ ವೋಟ್ ತಗೊಳ್ಳೋ ಕೋರೋಸಿಂಕ್ ಕ್ಯೂಡಿವೈಸ್ ಇನ್‌ಸ್ಟಾಲ್ ಮಾಡ್ರಿ, ಒಂದ ನೋಡ್‌ನಿಂದ 'ಪಿವಿಇಸಿಎಂ ಕ್ಯೂಡಿವೈಸ್ ಸೆಟಪ್' ಮುಂದ ಪೈ ಐಪಿ ಕೊಡ್ರಿ. ಮೂರನೇ ವೋಟ್ ಬರ್ತೈತಿ. ನಾವು ಬಾಗಲಕೋಟ್ಯಾಗ ಪೈ ಯುಪಿಎಸ್‌ಗೆ ಹಾಕಿ ನೆಟ್‌ವರ್ಕ್ ಸ್ವಿಚ್ ಗೋಡೆ ಪ್ಲಗ್‌ನಾಗ ಬಿಟ್ಟಿದ್ವಿ, ಕರೆಂಟ್ ಹೋದಾಗ ಮೂರೂ ಒಂದಕ್ಕೊಂದು ಕಾಣದಂಗ ಆಗಿದ್ವು, ಸ್ವಿಚ್ಚೂ ಯುಪಿಎಸ್ ಮ್ಯಾಲ ಇಡ್ರಿ.