ದಿನವಿಡೀ ಕೂತು ಮಾಡುವ ಕೆಲಸ ಮತ್ತು ಅರೆನಿದ್ದೆಯಿಂದ ಗ್ಲಾಕೋಮಾ ಬರುತ್ತದೆಯೇ?

ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುತ್ತೀರಿ, ರಾತ್ರಿ ಐದು ಗಂಟೆಯಷ್ಟೇ ಮಲಗುತ್ತೀರಿ, ನಿಮ್ಮ ತಂದೆಯವರಿಗೆ ಗ್ಲಾಕೋಮಾ (ಕಣ್ಣಿನಿಂದ ಮೆದುಳಿಗೆ ದೃಶ್ಯ ಒಯ್ಯುವ ನರ ಹಾಳಾಗುವ ಕಾಯಿಲೆ) ಇದೆ. ನಲವತ್ತಾರರ ವಯಸ್ಸಿನಲ್ಲಿ ಈ ದಿನಚರಿ ನಿಮ್ಮನ್ನೂ ಅದೇ ದಾರಿಗೆ ಎಳೆಯುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಆಪ್ಟೊಮೆಟ್ರಿಸ್ಟ್. ಗ್ಲಾಕೋಮಾ ವಿಭಾಗದಲ್ಲಿ ಕಣ್ಣಿನ ಒತ್ತಡ ಅಳೆಯುವುದು, ನೋಟದ ವ್ಯಾಪ್ತಿ, ಅಂದರೆ ದೃಷ್ಟಿಕ್ಷೇತ್ರ ಪರೀಕ್ಷಿಸುವ ಫೀಲ್ಡ್ ಟೆಸ್ಟ್ ಮಾಡಿಸುವುದು ನನ್ನ ದಿನನಿತ್ಯದ ಕೆಲಸ. ನೀವು ಹೇಳಿದ ಮೂರು ಸಂಗತಿಗಳಲ್ಲಿ ಹೆಚ್ಚು ತೂಕದ್ದು ಕುರ್ಚಿಯೂ ಅಲ್ಲ, ನಿದ್ದೆಯೂ ಅಲ್ಲ. ತಂದೆಯವರಿಗೆ ಇದೆ ಎಂಬುದು. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಈ ಕಾಯಿಲೆ ಇದ್ದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ದಿನಚರಿಯ ಪಾತ್ರ ಇದೆ, ಆದರೆ ಅದು ಚಿಕ್ಕದು, ಮತ್ತು ಜನ ಅಂದುಕೊಂಡ ಕಡೆ ಇಲ್ಲ.

ಕಣ್ಣಿನ ಮುಂಭಾಗದಲ್ಲಿ ಒಂದು ತೆಳುವಾದ ದ್ರವ ಸದಾ ಉತ್ಪತ್ತಿಯಾಗುತ್ತಿರುತ್ತದೆ. ಅದು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮತ್ತು ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಭಾಗ) ಕೂಡುವ ಕೋನದಲ್ಲಿರುವ ಜಾಲರಿಯ ಮೂಲಕ ಹೊರಬಂದು ಅಭಿಧಮನಿಗಳನ್ನು ಸೇರುತ್ತದೆ. ಒಳಹರಿವು ಮತ್ತು ಹೊರಹರಿವಿನ ನಡುವಿನ ಈ ಲೆಕ್ಕವೇ ನಮ್ಮಲ್ಲಿ ಬಹಳ ಮಂದಿ 'ಕಣ್ಣಿನ ಬಿಪಿ' ಎಂದು ಕರೆಯುವ ಒತ್ತಡ. ಸಾಮಾನ್ಯವಾಗಿ ಅದು 10ರಿಂದ 21 ಮಿ.ಮೀ. ಪಾದರಸದಷ್ಟಿರುತ್ತದೆ, ಆದರೆ ಆ ಮಿತಿಯೊಳಗಿದ್ದೂ ನರ ಹಾಳಾಗುವವರಿದ್ದಾರೆ. ಕೂತಾಗ ಈ ಒತ್ತಡ ಕಡಿಮೆ ಇರುತ್ತದೆ. ಅಂಗಾತ ಮಲಗಿದರೆ ಕಣ್ಣಿನ ಸುತ್ತಲಿನ ಅಭಿಧಮನಿಗಳಲ್ಲಿ ರಕ್ತದ ಒತ್ತಡ ಏರಿ, ದ್ರವದ ಹೊರಹರಿವು ನಿಧಾನವಾಗಿ, ಕೆಲವು ಮಿ.ಮೀ. ಹೆಚ್ಚುತ್ತದೆ. ಹಾಗಾಗಿ ಹಗಲು ಹೊತ್ತು ನಿಮ್ಮನ್ನು ಸ್ಟೂಲಿನ ಮೇಲೆ ಕೂರಿಸಿ ನಾನು ಬರೆದುಕೊಳ್ಳುವ ಅಂಕಿ ಅನೇಕರಲ್ಲಿ ಆ ದಿನದ ಅತಿ ಹೆಚ್ಚಿನ ಒತ್ತಡವಾಗಿರುವುದಿಲ್ಲ. ಅದು ಬೆಳಗಿನ ಜಾವ, ಹಾಸಿಗೆಯಲ್ಲಿರುವಾಗ, ಯಾರೂ ಅಳೆಯದ ಹೊತ್ತಿನಲ್ಲಿ ಏರಿ ಇಳಿದಿರುತ್ತದೆ.

ಹಾಗಾದರೆ ಕೂತೇ ಇರುವುದರಿಂದ ಏನೂ ತೊಂದರೆಯಿಲ್ಲವೇ? ಚುರುಕಾಗಿ ನಡೆದ ಮೇಲೆ ಕಣ್ಣಿನ ಒತ್ತಡ ಸ್ವಲ್ಪ ಹೊತ್ತು ಇಳಿಯುವುದು ನಿಜ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು ಗ್ಲಾಕೋಮಾ ಇದ್ದ 141 ಮಂದಿಗೆ ಚಲನೆ ಅಳೆಯುವ ಸಾಧನ ಕಟ್ಟಿ ನೋಡಿ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದಿನಕ್ಕೆ 5,000 ಹೆಜ್ಜೆ ಹೆಚ್ಚು ನಡೆಯುವವರಲ್ಲಿ ದೃಷ್ಟಿಕ್ಷೇತ್ರ ಕುಗ್ಗುವ ವೇಗ ಸುಮಾರು ಶೇ. 10ರಷ್ಟು ಕಡಿಮೆ ಇತ್ತು. ಇದನ್ನು ಓದಿ ನಡಿಗೆಯೇ ಮದ್ದು ಎಂದುಕೊಳ್ಳುವ ಮೊದಲು ಒಂದು ಮಾತು: ಪಕ್ಕದ ನೋಟ ಮಸುಕಾದವರು ಎಡವುವ ಭಯದಿಂದ ತಾವಾಗಿಯೇ ನಡೆಯುವುದನ್ನು ಕಡಿಮೆ ಮಾಡುತ್ತಾರೆ. ಕಾಯಿಲೆಯಿಂದ ನಡಿಗೆ ತಗ್ಗಿತೋ, ನಡಿಗೆ ತಗ್ಗಿದ್ದರಿಂದ ಕಾಯಿಲೆ ಬೆಳೆಯಿತೋ ಎಂಬುದನ್ನು ಇಂಥ ಅಧ್ಯಯನ ಬಿಡಿಸಿ ಹೇಳಲಾರದು. ಬ್ರಿಟನ್ನಿನಲ್ಲಿ ಲಕ್ಷಾಂತರ ಜನರ ಆರೋಗ್ಯ ವಿವರ ಕೂಡಿಟ್ಟ ಯುಕೆ ಬಯೋಬ್ಯಾಂಕ್ ಮಾಹಿತಿಯನ್ನು ಆಧರಿಸಿ 2023ರಲ್ಲಿ ಬಂದ ವಿಶ್ಲೇಷಣೆಯಲ್ಲಿ ದೈಹಿಕ ಚಟುವಟಿಕೆಗೂ ಗ್ಲಾಕೋಮಾ ಇರುವಿಕೆಗೂ ಸಂಬಂಧ ಕಾಣಲಿಲ್ಲ. ಆದರೆ ಚಟುವಟಿಕೆ ಹೆಚ್ಚಿದ್ದವರಲ್ಲಿ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲಿ, ಗ್ಲಾಕೋಮಾದಿಂದ ತೆಳುವಾಗುವ ನರಕೋಶಗಳ ಪದರ ತುಸು ದಪ್ಪಗಿತ್ತು. ನಡೆಯಿರಿ, ಖಂಡಿತ ನಡೆಯಿರಿ, ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಅದು ಬೇಕು. ಕುರ್ಚಿಯನ್ನು ಮಾತ್ರ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಬೇಡಿ.

ನಿದ್ದೆಯ ವಿಷಯ ಇದಕ್ಕಿಂತ ಗಟ್ಟಿಯಾದದ್ದು. ಅದೇ ಯುಕೆ ಬಯೋಬ್ಯಾಂಕಿನ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಸರಾಸರಿ ಹತ್ತು ವರ್ಷ ಅನುಸರಿಸಿದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳು ಗಂಟೆಗಿಂತ ಕಡಿಮೆ ಅಥವಾ ಒಂಬತ್ತು ಗಂಟೆ ಮತ್ತು ಅದಕ್ಕೂ ಹೆಚ್ಚು ಮಲಗುವವರು, ನಿದ್ರಾಹೀನತೆ ಇರುವವರು, ಹಗಲು ತೂಕಡಿಸುವವರು, ಇವರೆಲ್ಲರಲ್ಲಿ ಗ್ಲಾಕೋಮಾ ಸ್ವಲ್ಪ ಹೆಚ್ಚು ಕಂಡಿತು. ಆ ಹೆಚ್ಚಳ ಬಹುಪಾಲು ಶೇ. 10ರ ಆಸುಪಾಸಿನದು, ಹೆದರುವಷ್ಟಲ್ಲ, ಕಡೆಗಣಿಸುವಷ್ಟೂ ಅಲ್ಲ. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇದ್ದರೆ ಆಮ್ಲಜನಕ ತಗ್ಗಿ ನರಕ್ಕೆ ಪೆಟ್ಟು ಬೀಳಬಹುದು, ಆದ್ದರಿಂದ ಮನೆಯವರು ಗೊರಕೆಯ ದೂರು ಹೇಳಿದರೆ ನಕ್ಕು ಸುಮ್ಮನಾಗಬೇಡಿ. ರಕ್ತದೊತ್ತಡದ ಮಾತ್ರೆಯನ್ನು ರಾತ್ರಿ ನುಂಗುವ ಗ್ಲಾಕೋಮಾ ರೋಗಿಗಳಲ್ಲಿ, ನಿದ್ದೆಯ ಹೊತ್ತಿಗೆ ಬಿಪಿ ತೀರಾ ಕುಸಿದು ಕಣ್ಣಿನ ನರಕ್ಕೆ ರಕ್ತ ಸಾಲದೆ ಹೋಗುವ ಸಾಧ್ಯತೆಯಿದೆ. ನಿಮ್ಮ ತಂದೆಯವರು ಹಾಗೆ ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸದೆ ವೈದ್ಯರ ಬಳಿ ಪ್ರಸ್ತಾಪಿಸಲಿ.

ಮಲಗುವ ಭಂಗಿಗೂ ಅರ್ಥವಿದೆ. ಒಂದು ಮಗ್ಗುಲಾಗಿ ಮಲಗಿದಾಗ ಕೆಳಗಿನ ಕಣ್ಣಿನಲ್ಲಿ ಒತ್ತಡ ಹೆಚ್ಚು. ಮಂಚದ ತಲೆಭಾಗವನ್ನೇ 30 ಡಿಗ್ರಿ ಎತ್ತರಿಸಿದರೆ ಒತ್ತಡ ಇಳಿಯುತ್ತದೆ ಎಂದು ತೋರಿಸಿದ ಒಂದು ಪ್ರಯೋಗದಲ್ಲಿ, ದಿಂಬಿನ ಮೇಲೆ ದಿಂಬು ಪೇರಿಸಿದ್ದರಿಂದ ಆ ಲಾಭ ಸಿಗಲಿಲ್ಲ. ಕತ್ತಲೆ ಕೋಣೆಯಲ್ಲಿ ಬೋರಲು ಮಲಗಿ ಮೊಬೈಲ್ ನೋಡುವ ಅಭ್ಯಾಸ, ಕೋನ ಕಿರಿದಾಗಿರುವವರಿಗೆ ನಿಜಕ್ಕೂ ಅಪಾಯಕಾರಿ. ಕತ್ತಲಲ್ಲಿ ಪಾಪೆ ಅರಳುತ್ತದೆ, ಮುಖ ಕೆಳಗಿದ್ದರೆ ಲೆನ್ಸ್ ಮುಂದಕ್ಕೆ ಸರಿಯುತ್ತದೆ, ಎರಡೂ ಸೇರಿ ಕೋನವನ್ನು ಮುಚ್ಚಬಲ್ಲವು.

ಬೆಳಿಗ್ಗೆ ಯೋಗ ಮಾಡುತ್ತೇನೆಂದೂ ಬರೆದಿದ್ದೀರಿ. ಚೆನ್ನೈನ ಶಂಕರ ನೇತ್ರಾಲಯದ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೀರ್ಷಾಸನದ ಹೊತ್ತಿಗೆ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟಾಗಿತ್ತು. ಅಧೋಮುಖ ಶ್ವಾನಾಸನ, ಹಲಾಸನಗಳಲ್ಲೂ ಅದು ಏರುತ್ತದೆ. ಆಸನ ಬಿಟ್ಟೊಡನೆ ಬೇಗ ಇಳಿಯುವುದಾದರೂ, ಕುಟುಂಬದಲ್ಲಿ ಕಾಯಿಲೆ ಇರುವ ನಿಮಗೆ ಕಣ್ಣು ತೋರಿಸುವವರೆಗೆ ತಲೆಕೆಳಗಾಗುವ ಆಸನಗಳು ಬೇಡವೆಂದೇ ನನ್ನ ಸಲಹೆ. ಜಿಮ್ಮಿನಲ್ಲಿ ಉಸಿರು ಬಿಗಿಹಿಡಿದು ಭಾರ ಎತ್ತುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ತಪಾಸಣೆಗೆ ಹೋದಾಗ ಒತ್ತಡ ಅಳೆಸಿಕೊಂಡು ಎದ್ದು ಬರಬೇಡಿ. ಕೋನ ನೋಡುವ ಗೋನಿಯೋಸ್ಕೋಪಿ, ನರದ ಪರೀಕ್ಷೆ, ನರದ ಪದರವನ್ನು ಸ್ಕ್ಯಾನ್ ಮಾಡುವ ಓಸಿಟಿ ಮತ್ತು ಫೀಲ್ಡ್ ಟೆಸ್ಟ್ ಬಗ್ಗೆ ಕೇಳಿ. ಅಲರ್ಜಿಗೆಂದು ಮೆಡಿಕಲ್ ಶಾಪಿನಿಂದ ತಂದ ಸ್ಟೀರಾಯ್ಡ್ ಡ್ರಾಪ್ಸ್ ತಿಂಗಳುಗಟ್ಟಲೆ ಹಾಕಿಕೊಂಡಿದ್ದರೆ ಅದನ್ನು ಮೊದಲು ಹೇಳಿ, ಏಕೆಂದರೆ ಇಲ್ಲಿ ಚರ್ಚಿಸಿದ ಎಲ್ಲ ಅಭ್ಯಾಸಗಳಿಗಿಂತ ಅದು ಹೆಚ್ಚು ಹಾನಿ ಮಾಡಬಲ್ಲದು. ಫೀಲ್ಡ್ ಟೆಸ್ಟಿಗೆ ಮಾತ್ರ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಬನ್ನಿ. ಒಂದು ಕಣ್ಣು ಮುಚ್ಚಿ, ಗದ್ದವನ್ನು ಆಸರೆಗೆ ಒರಗಿಸಿ, ಬೋಗುಣಿಯಂಥ ಬಿಳಿಯ ಗೋಲದ ನಡುವಿನ ಬೆಳಕನ್ನೇ ದಿಟ್ಟಿಸುತ್ತಾ, ಅಂಚಿನಲ್ಲೆಲ್ಲೋ ಚುಕ್ಕಿ ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕಾದ ಪರೀಕ್ಷೆ ಅದು. ನಿದ್ದೆಗೆಟ್ಟವರು ಅರ್ಧದಲ್ಲೇ ತೂಕಡಿಸಿ, ಕಂಡ ಚುಕ್ಕಿಗೂ ಗುಂಡಿ ಒತ್ತದೆ ಬಿಡುತ್ತಾರೆ, ಆಗ ಇಲ್ಲದ ಕಾಯಿಲೆಯೂ ಕಾಗದದ ಮೇಲೆ ಕಪ್ಪಾಗಿ ಮೂಡಿ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ.